ಮನುಷ್ಯನ ಪಾರ್ಟು

ಅನ್ಯಗ್ರಹದವರು ನಿಜವಾಗಿಯೂ ಬಂದು ಸಿನಿಮಾ ಸೇರಿದ ಮೇಲೆ ವಾಮನಮೂರ್ತಿಗೆ ಪಾತ್ರಗಳೇ ಸಿಗಲಿಲ್ಲ. ರಬ್ಬರ್ ಮುಖ ತೊಟ್ಟು, ಐದು ಬೆರಳನ್ನು ಗೋಂದಿನಿಂದ ಮೂರಾಗಿ ಅಂಟಿಸಿಕೊಂಡು, ಜೀವಮಾನವಿಡೀ ಅನ್ಯಗ್ರಹದವನಾಗಿಯೇ ನಟಿಸಿದವನು ಅವನು.

"ಒಂದು ಮನುಷ್ಯನ ಪಾರ್ಟಾದ್ರೂ ಕೊಡ್ಸಪ್ಪಾ ಜಬ್ಬಾರ್," ಎಂದು ಮೇಕಪ್ ಕೋಣೆಯಲ್ಲಿ ಅಂಗಲಾಚಿದ. "ಹೆಣವಾಗಿ ಮಲಗೋಕೂ ರೆಡಿ."

ಜಬ್ಬಾರ್ ತಲೆಯೆತ್ತಲಿಲ್ಲ. ಕುರ್ಚಿಯಲ್ಲಿದ್ದ ಹಸಿರು ಮುಖಕ್ಕೆ ಬಿಳಿ ಮೀಸೆ ಅಂಟಿಸುತ್ತಿದ್ದ. "ಹೀರೋ ಅಪ್ಪನ ಪಾರ್ಟೂ ಇವರಿಗೇ ಹೋಯ್ತು, ಮೂರ್ತಿಯಣ್ಣ."

ಹಸಿರು ಮುಖದವನು ಎದ್ದು ಬಂದು, ಬಣ್ಣ ಹಚ್ಚುವ ನಟರ ಪದ್ಧತಿಯಂತೆ ಹಿರಿಯನ ಕಾಲಿಗೆರಗಿದ. "ನಟನೆ ಕಲಿತದ್ದೇ ನಿಮ್ಮ ಸಿನಿಮಾ ನೋಡಿ, ಗುರುಗಳೇ. ಇವತ್ತು ಮೊದಲ ಸಲ ಮನುಷ್ಯನಾಗ್ತಿದ್ದೀನಿ. ಆಶೀರ್ವಾದ ಮಾಡಿ."

ಬೈಯಲು ಬಾಯಿ ತೆರೆದ ವಾಮನಮೂರ್ತಿಯ ಕೈ ತಾನಾಗಿ ಮೇಲೆದ್ದಿತು. ಗೋಂದಿಲ್ಲದೆಯೂ ಅದರ ಐದು ಬೆರಳುಗಳು ಒಂದಕ್ಕೊಂದು ಒತ್ತಿಕೊಂಡು ಮೂರೇ ಆಗಿದ್ದವು.