ಚೀಲ ಹಿಡಿಯುವವರು

ಪಾರ್ಕಿನಲ್ಲಿ ತಾನೇ ನಕ್ಷೆ ಬರೆದ ಹೊಸ ಶೌಚಾಲಯದ ಬಾಗಿಲಲ್ಲಿ ಅವಳು ಅಭ್ಯಾಸಬಲದಿಂದ ಕೈಚೀಲವನ್ನು ಪಕ್ಕಕ್ಕೆ ಚಾಚಿದಳು. ಚಾಚಿದ ಕೈ ಹಾಗೇ ನಿಂತಿತು. "ಬೇಗ ಬಾರೇ, ನೋಡ್ದೋರು ಇದು ನನ್ನ ಚೀಲ ಅಂದ್ಕೋತಾರೆ" ಎನ್ನುತ್ತ ಹಿಡಿದುಕೊಳ್ಳುತ್ತಿದ್ದ ಗಂಡ ಹೋದ ವರ್ಷ ತೀರಿಕೊಂಡಿದ್ದ.

ಒಳಗೆ ಚೀಲವಿಡಲು ಎಲ್ಲೂ ಜಾಗವಿರಲಿಲ್ಲ. ಆಗಷ್ಟೇ ತೊಳೆದ ನೆಲ ಒದ್ದೆಯಾಗಿತ್ತು. ನಕ್ಷೆ ಬರೆಯುವಾಗ ಅವನಿದ್ದ, ಹಾಗಾಗಿ ಅವಳಿಗೆ ಇದು ಹೊಳೆದೇ ಇರಲಿಲ್ಲ. ಚೀಲದ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಚಿಲಕ ಹಾಕಿದಳು.

ಹೊರಬಂದು, ಅಲ್ಲೇ ಕೊನೆಯ ಕೆಲಸ ಮುಗಿಸುತ್ತಿದ್ದ ಮೇಸ್ತ್ರಿಗೆ, "ಬಾಗಿಲ ಹಿಂದೆ ಒಂದು ಕೊಕ್ಕೆ ಹಾಕಿ" ಎಂದಳು.

"ಜೊತೇಲಿ ಬಂದೋರು ಹಿಡ್ಕೋತಾರೆ ಬಿಡಿ ಮೇಡಂ" ಎಂದ ಮೇಸ್ತ್ರಿ.

"ಒಬ್ರೇ ಬರೋರೂ ಇರ್ತಾರೆ."

"ಎಷ್ಟೆತ್ತರಕ್ಕೆ ಹಾಕ್ಲಿ?" ಮೇಸ್ತ್ರಿ ಅಳತೆಪಟ್ಟಿ ಬಿಚ್ಚಿದ.

ಅವಳು ಬಾಗಿಲ ಬಳಿ ನಿಂತು, ಗಂಡನಿಗೆ ಕೊಡುತ್ತಿದ್ದ ಹಾಗೇ ಕೈಚೀಲ ಚಾಚಿದಳು.

"ಇಷ್ಟಕ್ಕೆ."