ಬೆಕ್ಕಿಗೆ ಹೇಳಿದ ಮಾತು

ಬೆಕ್ಕಿಗೆ ಅತ್ತೆಯೇ ಏನೋ ಹಾಕಿದ್ದಾಳೆ. ರಾಜೇಶ್ವರಿಗೆ ಇದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆಯ ಕೋಣೆಯ ಬಾಗಿಲಲ್ಲಿ ಸದ್ದಿಲ್ಲದೆ ನಿಂತು ವಿಡಿಯೊ ಮಾಡಲು ಮೊಬೈಲ್ ಚಾಚಿದಳು. ಮಂಚದ ತಲೆದೆಸೆಯಲ್ಲಿ, ಮಡಚಿಟ್ಟ ಕೌದಿಯ ಮೇಲೆ ಮುನ್ನಿ ಮುದುಡಿ ಮಲಗಿತ್ತು. ಗೊರ್... ಗೊರ್... ನಡುವೆ ಸಣ್ಣ ಸಿಳ್ಳು. ಆಮೇಲೆ ಏನೂ ಇಲ್ಲ. ಉಸಿರು ನಿಂತೇ ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಗೊರ್. ಮಕ್ಕಳಿಲ್ಲದ ರಾಜೇಶ್ವರಿ ಆ ಬೆಕ್ಕನ್ನು ಅಂಗೈಯಷ್ಟಿದ್ದಾಗಿನಿಂದ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ಅದನ್ನು ಕಳೆದುಕೊಂಡರೆ ಆ ಮನೆಯಲ್ಲಿ ತನ್ನದು ಅಂತ ಏನೂ ಉಳಿಯುವುದಿಲ್ಲ ಎನಿಸಿ ಅಳು ಬಂತು. ಅತ್ತೆ ಶಿವಬಸವ್ವ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆಯಂತೆ ನಿದ್ದೆ! ಎಲ್ಲ ನಾಟಕ.

ಜಗಳ ಹತ್ತಿದ್ದು ಹಾಲಿನಿಂದ. ಲಿಂಗಪೂಜೆಗೆಂದು ತೆಗೆದಿಟ್ಟ ಹಾಲಿಗೆ ಮುನ್ನಿ ಬಾಯಿ ಹಾಕಿತು. ಶಿವಬಸವ್ವ ಕಸಬರಿಗೆ ಎತ್ತಿ ಬಾರಿಸಿದಳು; ಇದು ಸತ್ತರೆ ಮನೆ ಶುದ್ಧವಾಗುತ್ತದೆ ಅಂದಳು. ಅದಕ್ಕಿಂತ ಮೊದಲು ನೀವು ಸಾಯ್ರಿ ಅನ್ನುವ ಮಾತು ರಾಜೇಶ್ವರಿಯ ಬಾಯಿಂದ ಜಾರಿಬಿಟ್ಟಿತು.

ಅಂದಿನಿಂದ ಬೈರಿದೇವರಕೊಪ್ಪದ ಆ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟರು. ಆದರೆ ಒಂದೇ ಒಲೆಯ ಅಡುಗೆ ಉಣ್ಣುವವರು ಪೂರ್ತಿ ಮಾತು ಬಿಡಲಾದೀತೆ? ಹೇಳಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದರು. "ಮುನ್ನಿ, ಸಾರಿಗೆ ಉಪ್ಪು ಸಾಲವಲ್ದು ಅಂತ ಹೇಳು." "ಮುನ್ನಿ, ಡಬ್ಬ್ಯಾಗ ಐತಿ, ಹಾಕ್ಕೋರಿ ಅಂತ ಹೇಳು." ಇದನ್ನು ಕೇಳಿ ಓಣಿಯವರು ನಕ್ಕಿದ್ದೇ ನಕ್ಕಿದ್ದು.

ಬೆಕ್ಕಿಗೆ ಮಾನ ಮರ್ಯಾದೆ ಎಲ್ಲಿಯದು? ಹೊಡೆದವಳ ತಲೆದೆಸೆಗೇ ಹೋಗಿ ಮಲಗತೊಡಗಿತು. ಶಿವಬಸವ್ವ ಈಚೆಗೆ ಅದನ್ನು ಓಡಿಸುತ್ತಲೂ ಇರಲಿಲ್ಲ. ಕೈ ಎತ್ತುವುದನ್ನೇ ಬಿಟ್ಟಿದ್ದಳು. ರಾಜೇಶ್ವರಿಗೆ ಆಗಲೇ ಮೂಗಿಗೆ ವಾಸನೆ ಬಡಿಯಬೇಕಿತ್ತು.

ನಿನ್ನೆಯಂತೂ ಮುದುಕಿ ಅಡುಗೆಮನೆಯ ತನಕ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತು, ಬೆಕ್ಕನ್ನು ನೋಡುತ್ತ ಅಂದಿದ್ದಳು: "ಮುನ್ನಿ, ಮೊನ್ನಿಯಿಂದ ಉಸಿರು ಸಿಗವಲ್ದು ಅಂತ ಹೇಳು. ಡಾಕ್ಟರಿಗೆ ತೋರಸಂತ ಹೇಳು."

ಮೊನ್ನೆಯಿಂದ ಅಂತ ಇವಳಿಗೆ ಹೇಗೆ ಗೊತ್ತು? ಹಾಕಿದವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಅದೂ ಅಲ್ಲದೆ ಮುನ್ನಿ ಅಡುಗೆಮನೆಗೆ ಬಂದರೆ ಸದ್ದೇ ಇಲ್ಲ, ಚಪ್ಪರಿಸಿ ಹಾಲು ಕುಡಿಯುತ್ತದೆ. ಆ ಕೋಣೆ ಹೊಕ್ಕಿತೋ, ಗೊರಗೊರ. ಅಂದಮೇಲೆ ವಿಷ ಆ ಕೋಣೆಯಲ್ಲೇ ಇದೆ.

ಗಂಡ ಪ್ರಸಾದ ಹತ್ತಿ ಖರೀದಿಗೆಂದು ಅಣ್ಣಿಗೇರಿಗೆ ಹೋಗಿದ್ದ. ಫೋನಿನಲ್ಲಿ ಎಲ್ಲ ಕೇಳಿ, ಅವ್ವ ಅಂಥಾಕಿ ಅಲ್ಲ, ಮೊದಲು ಬೆಕ್ಕನ್ನು ಡಾಕ್ಟರಿಗೆ ತೋರಿಸು, ಜಗಳ ಆಮೇಲೆ ಮಾಡು ಅಂದ.

ಆಟೋ ಬಂತು. ಮುನ್ನಿಯನ್ನು ಬುಟ್ಟಿಗೆ ಹಾಕಿಕೊಂಡು ಹೊರಟರೆ ಶಿವಬಸವ್ವ ಪಡಸಾಲೆಯಲ್ಲಿ ಗೋಡೆಗೆ ಆತು ನಿಂತಿದ್ದಳು. ಊರಿಗೆ ಹೋಗುವಾಗ ಉಡುವ ಇಳಕಲ್ಲ ಸೀರೆ ಉಟ್ಟಿದ್ದಳು. ಕಾಲಲ್ಲಿ ಚಪ್ಪಲಿ.

"ಮುನ್ನಿ," ಅಂದಳು, "ಗಾಡ್ಯಾಗ ಇನ್ನೊಬ್ಬರಿಗೆ ಜಾಗಾ ಐತೇನು ಕೇಳು."

ರಾಜೇಶ್ವರಿಗೆ ಮೈಯೆಲ್ಲ ಉರಿಯಿತು. ಡಾಕ್ಟರರ ಎದುರು ತನ್ನ ಹೆಸರು ಬರಬಾರದೆಂದು ಕಾವಲಿಗೆ ಬರುತ್ತಾಳಂತೆ!

"ಜಾಗಾ ಇಲ್ಲ ಅಂತ ಹೇಳು ಮುನ್ನಿ."

ಆಟೋದ ಹಿಂದಿನ ಸೀಟಿನಲ್ಲಿ ಬುಟ್ಟಿ ಒಂದು ಕಡೆ, ಅವಳೊಂದು ಕಡೆ. ನಡುವೆ ಖಾಲಿ.

ರಾಯಾಪುರದ ದನದ ದವಾಖಾನೆಯಲ್ಲಿ ಡಾಕ್ಟರ್ ಹಫೀಜ ಮುನ್ನಿಯ ಎದೆಗೆ ಯಂತ್ರ ಹಚ್ಚಿ ಕೇಳಿದರು. ಬಾಯಿ ತೆರೆಸಿ ಒಸಡಿನ ಬಣ್ಣ ನೋಡಿದರು, ಹೊಟ್ಟೆ ಒತ್ತಿದರು. ಮುನ್ನಿ ದೊಡ್ಡದಾಗಿ ಆಕಳಿಸಿ ಅವರ ಕೈ ನೆಕ್ಕಿತು. ತಮಗೇನೂ ತೊಂದರೆ ಕಾಣುವುದಿಲ್ಲ ಎಂದರು. ರಾಜೇಶ್ವರಿ ಒಪ್ಪಲಿಲ್ಲ. ಅತ್ತೆ ವಿಷ ಹಾಕಿದ್ದಾಳೆಂದು ಬಾಯಿಬಿಟ್ಟು ಹೇಳಿದಳು. ಹೇಳಿದ ಮೇಲೆ ಎದೆ ಹಗುರಾಯಿತು. ಮೊಬೈಲ್ ಮುಂದೆ ಹಿಡಿದಳು.

ಅವರು ನೋಡಿದರು. ಸದ್ದು ಜೋರು ಮಾಡಿ ಮತ್ತೊಮ್ಮೆ ನೋಡಿದರು. ಆಮೇಲೆ ಪರದೆಯ ಮೇಲೆ ಬೆಕ್ಕಿನ ಹೊಟ್ಟೆಯ ಹತ್ತಿರ ಬೆರಳಿಟ್ಟರು.

"ಹೊಟ್ಟಿ ಏರಿಳಿಯೂದು ನೋಡ್ರಿ ಅಕ್ಕಾರ. ಈ ಸಪ್ಪಳಕ್ಕೂ ಅದಕ್ಕೂ ಕೂಡವಲ್ದು. ಬೆಕ್ಕು ಛಲೋ ಐತಿ. ಹಿಂದ ಗ್ವಾಡಿ ಕಡಿ ಮುಖಾ ಮಾಡಿ ಮಲಗ್ಯಾರಲ್ಲ, ಉಸಿರು ಸಿಗದಂಗ ಆಗಿದ್ದು ಅವರಿಗೆ. ಅವರನ್ನ ಯಾಕ ಮನ್ಯಾಗ ಬಿಟ್ಟು ಬಂದ್ರಿ?"