ಗೋಲ್‌ಪೋಸ್ಟಿನ ನಿಂಬೆಹಣ್ಣು

ಎದುರು ಗುಡ್ಡದ ಕಾಲೇಜಿನವರು ಹೋದ ವರ್ಷ ಫುಟ್‌ಬಾಲಿನಲ್ಲಿ ನಮಗೆ ಏಳು ಗೋಲು ಹೊಡೆದಿದ್ದರು. ಆ ಏಳನ್ನೂ ನೆಂಟರಂತೆ ಒಳಗೆ ಬಿಟ್ಟುಕೊಂಡ ಗೋಲ್‌ಕೀಪರ್ ನಾನೇ. ಈ ವರ್ಷ ಅದೇ ತಂಡದ ವಿರುದ್ಧ ಒಂದೂ ಗೋಲು ತಿನ್ನದೆ ಡ್ರಾ ಮಾಡಿಕೊಂಡೆವು. ಕಾಲೇಜಿಗೆ ಗೆದ್ದಷ್ಟೇ ಖುಷಿ.

ಮರುದಿನ ಪಿ.ಟಿ. ಮಾಸ್ಟ್ರು ನಮ್ಮನ್ನೆಲ್ಲ ಕೂರಿಸಿಕೊಂಡು ಕೇಳಿದರು: "ಅವರ ತಂಡ ಅದೇ, ಮೈದಾನ ಅದೇ. ಮತ್ತೆ ಈ ಸಲ ಬದಲಾದದ್ದು ಎಂತ?"

ಬ್ಯಾಂಡೇಜು ಸುತ್ತಿದ ಕಾಲನ್ನು ಬೆಂಚಿನ ಮೇಲೆ ಚಾಚಿಕೊಂಡೇ ನಾನು ಕೈ ಎತ್ತಿದೆ. "ನಿಂಬೆಹಣ್ಣು ಸರ್! ದೃಷ್ಟಿ ಆಗಬಾರದು ಅಂತ ಮ್ಯಾಚಿಗೆ ಮೊದಲು ಗೋಲ್‌ಪೋಸ್ಟಿನ ಮೇಲೆ ಕಟ್ಟಿದ್ದು ನಾನೇ."

ಎಲ್ಲರೂ ನಗುತ್ತಾರೆ ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ಕ್ಯಾಪ್ಟನ್ ಎದ್ದು ಬಂದು ಕೈ ಕುಲುಕಿದ. "ಸತ್ಯ ಮಾರಾಯ. ನಮ್ಮ ಮಾನ ಉಳಿಸಿದ್ದು ಅದೇ."

ನಾನು ಉಬ್ಬಿಹೋದೆ. "ಬರುವ ವರ್ಷವೂ ಕಟ್ತೇನೆ ಸರ್."

"ಖಂಡಿತ ಕಟ್ಟು," ಎಂದರು ಮಾಸ್ಟ್ರು. "ಆದ್ರೆ ಈ ಸಲದ ಹಾಗೇ ಕಟ್ಟಲಿಕ್ಕೆ ಹತ್ತಿದವನು ಕೆಳಗೆ ಬಿದ್ದು ಕಾಲು ಉಳುಕಿಸಿಕೊಂಡು, ಗೋಲು ಕಾಯುವ ಕೆಲಸ ಬೇರೆಯವನಿಗೆ ಬಿಡ್ಬೇಕು."